ಲಿವ್‌ಅಬೋರ್ಡ್ ಡೈವಿಂಗ್ ಪ್ರವಾಸ: ಬೋಟ್ ಆರಿಸುವುದು ಕೊನೆಗೆ

ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಕಡೆಯಿಂದ ಸ್ಕೂಬಾ ಡೈವಿಂಗ್‌ಗೆ ಹೋಗುವವರು ಈಗ ಜಾಸ್ತಿ ಆಗಿದ್ದಾರೆ. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪ ನೋಡಿ ಬಂದವರು ಅಂಡಮಾನ್‌ಗೆ ಹೋಗುತ್ತಾರೆ, ಅಂಡಮಾನ್ ನೋಡಿದವರಿಗೆ ಮಾಲ್ಡೀವ್ಸ್ ಬೇಕು ಅನಿಸುತ್ತದೆ. ಅಲ್ಲಿಗೆ ಬಂದಾಗ ಲಿವ್‌ಅಬೋರ್ಡ್ ವಿಷಯ ಕಿವಿಗೆ ಬೀಳುತ್ತದೆ. ನಾಲ್ಕು ದಿನವೋ ಒಂದು ವಾರವೋ ಬೋಟಿನಲ್ಲೇ ಮಲಗಿ, ಅಲ್ಲೇ ಉಂಡು, ದಿನಕ್ಕೆ ಮೂರು ನಾಲ್ಕು ಸಲ ನೀರಿಗಿಳಿಯುವ ಪ್ರವಾಸ ಅದು.

ಬುಕ್ ಮಾಡುವಾಗ ಮಾತ್ರ ಬಹಳ ಜನ ಒಂದೇ ಕಡೆ ಎಡವುತ್ತಾರೆ. ಫೋನಿನಲ್ಲಿ ಆಫರ್ ಕಾಣುತ್ತದೆ, ಬೋಟಿನ ಫೋಟೊ ಚೆನ್ನಾಗಿರುತ್ತದೆ, ಅಡ್ವಾನ್ಸ್ ಕಟ್ಟಿಬಿಡುತ್ತಾರೆ. ಆಮೇಲೆ ಗೊತ್ತಾಗುತ್ತದೆ, ಆ ದಾರಿಗೆ ಐವತ್ತು ಡೈವ್ ಅನುಭವ ಬೇಕಿತ್ತು, ಆ ತಿಂಗಳು ಅಲ್ಲಿ ಮಳೆಗಾಲ, ರಿಟರ್ನ್ ಟಿಕೆಟ್ ಕೊನೆಯ ಡೈವ್ ಮುಗಿದ ಸಂಜೆಗೇ ಬಿದ್ದಿದೆ ಅಂತ. ಎಲ್ಲರೂ ಮೊದಲು ಕೇಳುವುದು "ಯಾವ ಬೋಟ್ ಚೆನ್ನಾಗಿದೆ ಸರ್?" ಅಂತಲೇ. ಅದು ಐದನೇ ಪ್ರಶ್ನೆ ಆಗಬೇಕು. ಮೊದಲು ನಿಮ್ಮ ಮಟ್ಟ, ಆಮೇಲೆ ದೇಹ, ಆಮೇಲೆ ತಿಂಗಳು, ಆಮೇಲೆ ದಾರಿ, ಅದಾದ ಮೇಲೆ ಬೋಟ್. ಈ ಕ್ರಮ ತಪ್ಪಿಸಬೇಡಿ.

ಮೊದಲು ಕೈಗೆ ಬೇಕಾದವು

ಹುಡುಕಾಟ ಶುರು ಮಾಡುವ ಮುಂಚೆ ಇವು ಮೇಜಿನ ಮೇಲಿರಲಿ: ಪ್ರಯಾಣದ ದಿನಕ್ಕೆ ಇನ್ನೂ ಆರು ತಿಂಗಳಾದರೂ ಚಾಲ್ತಿ ಇರುವ ಪಾಸ್‌ಪೋರ್ಟ್, ಡೈವಿಂಗ್ ಸರ್ಟಿಫಿಕೇಟ್ ಕಾರ್ಡ್, ಲಾಗ್‌ಬುಕ್, ಒಂದು ನೋಟ್‌ಬುಕ್, ಮತ್ತೆ ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್. ಕ್ಯಾಲೆಂಡರ್ ಯಾಕೆ ಅಂತ ನಾಲ್ಕನೇ ಹಂತದಲ್ಲಿ ಹೇಳುತ್ತೇನೆ. ಲಾಗ್‌ಬುಕ್ ಇಲ್ಲದವರು ಹಳೆಯ ಡೈವ್‌ಗಳ ತಾರೀಕು, ಜಾಗ, ಆಳ, ಎಷ್ಟು ನಿಮಿಷ ಅನ್ನುವುದನ್ನು ನೆನಪಿದ್ದಷ್ಟು ಈಗಲೇ ಬರೆದಿಡಿ. ಬೋಟಿನವರು ಕೇಳಿಯೇ ಕೇಳುತ್ತಾರೆ.

ಹಂತ 1: ನಿಮ್ಮ ಮಟ್ಟ ನೋಡಿಕೊಳ್ಳಿ

ನೇತ್ರಾಣಿಯಲ್ಲಿ ಇನ್‌ಸ್ಟ್ರಕ್ಟರ್ ನಿಮ್ಮ ಟ್ಯಾಂಕ್ ಹಿಡಿದುಕೊಂಡು ಕೆಳಗೆ ಕರೆದೊಯ್ದು ವಿಡಿಯೊ ಮಾಡಿಕೊಟ್ಟರಲ್ಲ, ಅದು ಡೈವಿಂಗ್ ಸರ್ಟಿಫಿಕೇಟ್ ಅಲ್ಲ. ಆವತ್ತು ಕೊಟ್ಟ ಕಾಗದ ನೆನಪಿಗೆ ಅಷ್ಟೆ. ಲಿವ್‌ಅಬೋರ್ಡ್‌ಗೆ ಕನಿಷ್ಠ ಓಪನ್ ವಾಟರ್ ಅನ್ನುವ ಮೊದಲ ಹಂತದ ಕೋರ್ಸ್ ಆಗಿರಬೇಕು. ಅದರಲ್ಲಿ 18 ಮೀಟರ್ ಆಳದವರೆಗೆ ಹೋಗಬಹುದು. ಅಡ್ವಾನ್ಸ್ಡ್ ಕೋರ್ಸ್ ಆದರೆ 30 ಮೀಟರ್. ಮಾಲ್ಡೀವ್ಸ್‌ನಲ್ಲಿ ಕಾನೂನಿನ ಮಿತಿಯೇ 30 ಮೀಟರ್. ಅಲ್ಲಿನ ಒಳ್ಳೆಯ ಜಾಗಗಳು ಬಹಳಷ್ಟು 18ರಿಂದ 30ರ ನಡುವೆಯೇ ಇರುವುದರಿಂದ ಅಡ್ವಾನ್ಸ್ಡ್ ಇಲ್ಲದೆ ಹೋದರೆ ಅರ್ಧ ಡೈವ್‌ಗಳಿಗೆ ನೀವು ಬೋಟಿನ ಮೇಲೆ ಕೂತಿರಬೇಕಾಗುತ್ತದೆ.

ನಮ್ಮ ಬಯಲುಸೀಮೆಯವರು ಎಷ್ಟೋ ಜನ ತೋಟದ ಬಾವಿಯಲ್ಲಿ, ಕೆರೆಯಲ್ಲಿ ಈಜು ಕಲಿತವರು. ನೀರಿನ ಭಯ ಇರುವುದಿಲ್ಲ, ಅದು ಒಳ್ಳೆಯದೇ. ಆದರೆ ಬಾವಿಗೆ ಧುಮುಕಿದವರಿಗೆ ಒಂದು ಅಭ್ಯಾಸ ಬಿದ್ದಿರುತ್ತದೆ: ನೀರೊಳಗೆ ಹೋದ ತಕ್ಷಣ ಉಸಿರು ಬಿಗಿ ಹಿಡಿಯುವುದು. ಸ್ಕೂಬಾದಲ್ಲಿ ಇದೇ ದೊಡ್ಡ ಅಪಾಯ. 10 ಮೀಟರ್ ಆಳದಲ್ಲಿ ಟ್ಯಾಂಕಿನಿಂದ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಹಿಡಿದುಕೊಂಡೇ ಮೇಲೆ ಬಂದರೆ ಶ್ವಾಸಕೋಶ ಹರಿಯಬಹುದು. ಬಾವಿಯಲ್ಲಿ ಈಜು ಬರುತ್ತದೆ ಅನ್ನುವ ಧೈರ್ಯದ ಮೇಲೆ ಕೋರ್ಸ್ ಬಿಡಬೇಡಿ. ಕೋರ್ಸಿನಲ್ಲಿ 200 ಮೀಟರ್ ಈಜು, ಹತ್ತು ನಿಮಿಷ ತೇಲುವುದು ಇರುತ್ತದೆ. ಹೋಗುವ ಮುಂಚೆ ಒಂದು ತಿಂಗಳು ಊರಿನ ಈಜುಕೊಳದಲ್ಲಿ ರೂಢಿ ಮಾಡಿಕೊಂಡರೆ ಸಾಕು.

ಕೋರ್ಸ್ ಮಾಡಲು ಲಿವ್‌ಅಬೋರ್ಡ್ ಸರಿಯಾದ ಜಾಗ ಅಲ್ಲ. "ಬೋಟಿನಲ್ಲೇ ಓಪನ್ ವಾಟರ್ ಮಾಡಿಸುತ್ತೇವೆ" ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಅಂಡಮಾನಿನ ಹ್ಯಾವ್‌ಲಾಕ್‌ನಲ್ಲೋ (ಈಗ ಸ್ವರಾಜ್ ದ್ವೀಪ) ಮುರುಡೇಶ್ವರದಲ್ಲೋ ನೆಲದ ಮೇಲೆ ಮಲಗಿ, ನಿಧಾನವಾಗಿ ಮುಗಿಸಿ. ಆಮೇಲೆ ಬೇರೆ ಬೇರೆ ಜಾಗದಲ್ಲಿ ಡೈವ್ ಮಾಡುತ್ತಾ ಅನುಭವ ಸೇರಿಸಿ.

ಎಷ್ಟು ಡೈವ್ ಆಗಿರಬೇಕು? ಸುಲಭದ ದಾರಿಗೆ ಇಪ್ಪತ್ತೈದು ಮೂವತ್ತು, ಸೆಳೆತ ಜಾಸ್ತಿ ಇರುವ ದಾರಿಗೆ ಐವತ್ತು ಅನ್ನುವುದು ನನ್ನ ಅಭಿಪ್ರಾಯ. ಎಷ್ಟೋ ಬೋಟುಗಳ ನಿಯಮವೂ ಇದರ ಆಸುಪಾಸಿನಲ್ಲೇ ಇದೆ. ಎಣಿಕೆಗಿಂತ ಮುಖ್ಯ ಇನ್ನೊಂದಿದೆ. ನೀರಿನ ಮಧ್ಯೆ ಮೇಲಕ್ಕೂ ಹೋಗದೆ ಕೆಳಕ್ಕೂ ಹೋಗದೆ ನಿಂತಲ್ಲೇ ನಿಲ್ಲಲು ಬರುತ್ತದಾ? 5 ಮೀಟರ್ ಆಳದಲ್ಲಿ ಹಗ್ಗ ಹಿಡಿಯದೆ ಮೂರು ನಿಮಿಷ ಇರಲು ಆಗದಿದ್ದರೆ, ಇನ್ನೊಂದು ಸಲ ಅಂಡಮಾನ್‌ಗೆ ಹೋಗಿ ಬನ್ನಿ. ಕೊನೆಯ ಡೈವ್ ಮಾಡಿ ಒಂದು ವರ್ಷ ಆಗಿದ್ದರೂ ಅಷ್ಟೇ, ಮೊದಲು ಕಲಿತದ್ದನ್ನು ಮತ್ತೆ ರೂಢಿಸುವ ರಿಫ್ರೆಶರ್ ಕೋರ್ಸ್.

ಹಂತ 2: ದೇಹ ಒಪ್ಪುತ್ತದಾ ನೋಡಿ

ಡೈವಿಂಗ್ ಮೆಡಿಕಲ್ ಫಾರ್ಮ್ ಅಂತ ಒಂದಿರುತ್ತದೆ. ಹೃದಯ, ಆಸ್ತಮಾ, ಫಿಟ್ಸ್, ಕಿವಿ ಆಪರೇಷನ್, ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ ಇವೆಲ್ಲ ಕೇಳುತ್ತಾರೆ. ಒಂದಕ್ಕೆ "ಹೌದು" ಅಂತ ಬಂದರೂ ಡಾಕ್ಟರ್ ಸಹಿ ಬೇಕು ಅನ್ನುವ ಕಾರಣಕ್ಕೆ ಜನ ಸುಮ್ನೆ ಎಲ್ಲದಕ್ಕೂ "ಇಲ್ಲ" ಅಂತ ಟಿಕ್ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹತ್ತಿರದ ಆಸ್ಪತ್ರೆಗೆ ಹತ್ತಾರು ಗಂಟೆ ದಾರಿ ಇರುವ ಕಡೆ ಹೋಗುತ್ತಿದ್ದೀರಿ. ಫಾರ್ಮನ್ನು ಬುಕ್ ಮಾಡುವ ಮುಂಚೆಯೇ ತರಿಸಿಕೊಂಡು ನಿಮ್ಮ ಡಾಕ್ಟರಿಗೆ ತೋರಿಸಿ. ಹಣ ಕಟ್ಟಿದ ಮೇಲೆ ತೋರಿಸಿದರೆ, ಆಗುವುದಿಲ್ಲ ಅಂತ ಅವರು ಹೇಳಿದಾಗ ಕೇಳುವ ಮನಸ್ಸು ಬರುವುದಿಲ್ಲ. ಗರ್ಭಿಣಿಯರು ಡೈವ್ ಮಾಡುವಂತೆಯೇ ಇಲ್ಲ.

ಬೋಟಿನ ಓಲಾಟಕ್ಕೆ ವಾಂತಿ ಬರುವವರು ಮಾತ್ರೆಯನ್ನು ಡಾಕ್ಟರ್ ಹತ್ತಿರ ಬರೆಸಿಕೊಂಡು, ಮನೆಯಲ್ಲೇ ಒಂದು ದಿನ ತೆಗೆದುಕೊಂಡು ನೋಡಿ. ಕೆಲವು ಮಾತ್ರೆಗೆ ವಿಪರೀತ ನಿದ್ದೆ ಬರುತ್ತದೆ, ಆ ಮಂಪರಿನಲ್ಲಿ ನೀರಿಗಿಳಿಯಬಾರದು. ನೆಗಡಿ ಇದ್ದಾಗಲೂ ಇಳಿಯಬಾರದು. ಕಿವಿ ಬಿಡುವುದಿಲ್ಲ, ಅಂದರೆ ಕಿವಿಯೊಳಗಿನ ಒತ್ತಡ ಹೊರಗಿನದಕ್ಕೆ ಸರಿಹೋಗುವುದಿಲ್ಲ, ಆ ಒತ್ತಡಕ್ಕೆ ಕಿವಿತಮಟೆ ಒಡೆಯಬಹುದು.

ಹಂತ 3: ರಜೆ ಯಾವ ತಿಂಗಳು, ಆ ತಿಂಗಳಿಗೆ ಯಾವ ಕಡಲು

ಇಲ್ಲಿ ಜನ ಉಲ್ಟಾ ಯೋಚಿಸುತ್ತಾರೆ. ಮೊದಲು ದೇಶ ಹಿಡಿದುಕೊಂಡು ಆಮೇಲೆ ರಜೆ ಹೊಂದಿಸುತ್ತಾರೆ. ಮೇಷ್ಟ್ರುಗಳಿಗೆ ಬೇಸಿಗೆ ರಜೆ ಮತ್ತು ದಸರಾ ಬಿಟ್ಟರೆ ಬೇರೆ ರಜೆ ಎಲ್ಲಿದೆ? ಶಿಡ್ಲಘಟ್ಟದ ರೀಲರುಗಳಿಗೆ ಗೂಡಿನ ಮಾರ್ಕೆಟ್ ಬಿಟ್ಟು ಹತ್ತು ದಿನ ಹೋಗುವುದೇ ಕಷ್ಟ, ಕೋಲಾರದ ಟೊಮೆಟೊ ಮಂಡಿಯವರಿಗೆ ಸೀಸನ್ ಬಂದರೆ ಉಸಿರಾಡಲು ಬಿಡುವಿಲ್ಲ. ಹಾಗಾಗಿ ರಜೆ ಮೊದಲು ಬರೆಯಿರಿ. ಆ ತಿಂಗಳಿಗೆ ಚೆನ್ನಾಗಿರುವ ಕಡಲನ್ನು ಆಮೇಲೆ ಹುಡುಕಿ.

ಬೇಸಿಗೆ ರಜೆ, ಅಂದರೆ ಏಪ್ರಿಲ್: ಮಾಲ್ಡೀವ್ಸ್‌ನಲ್ಲಿ ಇನ್ನೂ ಒಣಹವೆ, ಕಡಲು ಶಾಂತ. ಥಾಯ್ಲೆಂಡಿನ ಸಿಮಿಲಾನ್ ದ್ವೀಪಗಳೂ ಸರಿ, ಆದರೆ ಅದು ರಾಷ್ಟ್ರೀಯ ಉದ್ಯಾನ, ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಬಾಗಿಲು ಹಾಕುತ್ತದೆ. ಫಿಲಿಪ್ಪೀನ್ಸಿನ ತುಬ್ಬತಾಹಾ ಹವಳದ ದಿಬ್ಬಗಳಿಗೆ ಮಾರ್ಚ್ ಮಧ್ಯದಿಂದ ಜೂನ್ ಮಧ್ಯದವರೆಗೆ ಮಾತ್ರ ಬೋಟುಗಳು ಹೋಗುತ್ತವೆ. ಅಲ್ಲಿ ಉಳಿಯಲು ಹೋಟೆಲಿಲ್ಲ, ಪ್ಯುರ್ಟೊ ಪ್ರಿನ್ಸೆಸಾದಿಂದ ರಾತ್ರಿಯಿಡೀ ಪ್ರಯಾಣ. ಮೊದಲ ಲಿವ್‌ಅಬೋರ್ಡ್‌ಗೆ ಅದನ್ನು ಹೇಳುವುದಿಲ್ಲ.

ಜೂನ್‌ನಿಂದ ಆಗಸ್ಟ್: ನಮ್ಮಲ್ಲಿ ಮುಂಗಾರು ಅಂದರೆ ಮಾಲ್ಡೀವ್ಸ್‌ನಲ್ಲೂ ನೈಋತ್ಯ ಮಾನ್ಸೂನ್. ಆಫರ್‌ಗಳು ಸುರಿಯುವುದು ಈ ತಿಂಗಳಲ್ಲೇ. ಡೈವ್ ಮಾಡಲು ಆಗುವುದೇ ಇಲ್ಲ ಅಂತಲ್ಲ, ರೆಕ್ಕೆಯಂತೆ ಅಗಲ ಮೈಯ ಮಾಂಟಾ ಮೀನುಗಳು ಪೂರ್ವದ ಕಡೆ ಸೇರುವುದೂ ಈಗಲೇ. ಆದರೆ ಗಾಳಿ, ಮಳೆ, ಅಲೆ ಇರುತ್ತವೆ, ಬೋಟ್ ಓಲಾಡುತ್ತದೆ. ಇಂಡೋನೇಷ್ಯಾದ ಕೊಮೊಡೊಗೆ ಮಾತ್ರ ಇದು ಒಣಹವೆಯ ಕಾಲ. ಮಾಲ್ಡೀವ್ಸ್‌ನ ಬಾ ಹವಳ ವಲಯದ (ಉಂಗುರದಂತೆ ಸೇರಿದ ಹವಳದ ದ್ವೀಪಗಳ ಗುಂಪು) ಹನಿಫಾರು ಕೊಲ್ಲಿಯ ಮಾಂಟಾ ಫೋಟೊ ತೋರಿಸಿ ಯಾರಾದರೂ ಡೈವಿಂಗ್ ಪ್ಯಾಕೇಜ್ ಮಾರಿದರೆ ಅಲ್ಲೇ ನಿಲ್ಲಿಸಿ. ಆ ಕೊಲ್ಲಿಯಲ್ಲಿ ಸ್ಕೂಬಾ ನಿಷೇಧ, ಸ್ನಾರ್ಕೆಲ್ ಮಾತ್ರ.

ದಸರಾ ಹೊತ್ತು: ಹಬ್ಬ ಅಕ್ಟೋಬರ್ ಕೊನೆಗೆ ಬಿದ್ದರೆ ಸಿಮಿಲಾನ್ ಆಗಷ್ಟೇ ತೆರೆದಿರುತ್ತದೆ. ಸೆಪ್ಟೆಂಬರ್‌ನಲ್ಲೇ ಬಿದ್ದರೆ ಮುಚ್ಚಿರುತ್ತದೆ, ಆಗ ಕೊಮೊಡೊ. ಇಂಡೋನೇಷ್ಯಾದ ರಾಜಾ ಅಂಪಾಟ್‌ಗೆ ಅಕ್ಟೋಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ. ಆದರೆ ಅಲ್ಲಿಗೆ ಹೋಗಲು ಸೊರೊಂಗ್‌ವರೆಗೆ ಎರಡು ಮೂರು ವಿಮಾನ ಬದಲಾಯಿಸಬೇಕು, ಹೋಗಿ ಬರುವುದಕ್ಕೇ ಮೂರು ನಾಲ್ಕು ದಿನ. ಹತ್ತು ದಿನದ ರಜೆಯಲ್ಲಿ ಅದನ್ನು ತುರುಕಬೇಡಿ.

ಡಿಸೆಂಬರ್‌ನಿಂದ ಮಾರ್ಚ್: ಮಾಲ್ಡೀವ್ಸ್. ಮೊದಲ ಸಲದವರಿಗೆ ನಾನು ಹೇಳುವುದು ಇದನ್ನೇ. ವಿಮಾನ ಪ್ರಯಾಣ ಚಿಕ್ಕದು, ಭಾರತೀಯರಿಗೆ ಅಲ್ಲಿ ಇಳಿದ ಮೇಲೆ ಉಚಿತ ವೀಸಾ. ಈ ತಿಂಗಳುಗಳಲ್ಲಿ ಹವಳ ವಲಯಗಳ ಪೂರ್ವ ಭಾಗದಲ್ಲಿ ನೀರು ತಿಳಿಯಾಗಿರುತ್ತದೆ, ಪಶ್ಚಿಮದಲ್ಲಿ ಪ್ಲಾಂಕ್ಟನ್ ಅನ್ನುವ ಸೂಕ್ಷ್ಮ ಜೀವಿಗಳು ಜಾಸ್ತಿ, ಅದನ್ನು ತಿನ್ನಲು ಮಾಂಟಾಗಳು ಅಲ್ಲಿಗೆ ಬರುತ್ತವೆ.

ಹಂತ 4: ದಾರಿ, ಸೆಳೆತ, ಅಮಾವಾಸ್ಯೆ

ಒಂದೇ ದೇಶದಲ್ಲಿ ಸುಲಭದ ದಾರಿಯೂ ಇರುತ್ತದೆ, ಕಷ್ಟದ ದಾರಿಯೂ ಇರುತ್ತದೆ. ಮಾಲ್ಡೀವ್ಸ್‌ನಲ್ಲಿ ಮೊದಲ ಸಲ ಹೋಗುವವರಿಗೆ ಮಧ್ಯದ ದಾರಿ ಸಾಕು: ಉತ್ತರ ಮಾಲೆ, ದಕ್ಷಿಣ ಮಾಲೆ, ವಾವು, ಆರಿ ಹವಳ ವಲಯಗಳು. ದಕ್ಷಿಣ ಆರಿಯಲ್ಲಿ ವೇಲ್ ಶಾರ್ಕ್ ವರ್ಷವಿಡೀ ಕಾಣುವ ಸಾಧ್ಯತೆ ಇದೆ, ಅಲಿಮಥಾದ ರಾತ್ರಿ ಡೈವ್‌ನಲ್ಲಿ ನರ್ಸ್ ಶಾರ್ಕ್‌ಗಳು ಕಾಲ ಬುಡದಲ್ಲೇ ಓಡಾಡುತ್ತವೆ. ದೂರದ ದಕ್ಷಿಣದ ದಾರಿಗಳು ಅನುಭವ ಇದ್ದವರಿಗೆ.

ದಾರಿಯ ಪಟ್ಟಿ ಬಂದಾಗ ಜಾಗಗಳ ಹೆಸರಿನ ಕೊನೆ ನೋಡಿ. "ಕಂದು" ಅಂತ ಇದ್ದರೆ ಅದು ಹವಳ ವಲಯದ ಅಂಚನ್ನು ಸೀಳಿ ಹೊರಕಡಲಿಗೆ ಸೇರುವ ಕಾಲುವೆ. ಸಮುದ್ರದ ನೀರು ಅದರೊಳಗೆ ನುಗ್ಗುವಾಗ ಶಾರ್ಕ್‌ಗಳು ಬಾಯಿಯಲ್ಲೇ ನಿಂತಿರುತ್ತವೆ, ನೋಡಲು ಚೆಂದ, ಆದರೆ ಸೆಳೆತ ಜೋರು. ಅಂಥ ಕಡೆ ನೀರಿನ ಮೇಲೆ ಸೇರಿಕೊಂಡು ಆಮೇಲೆ ನಿಧಾನವಾಗಿ ಇಳಿಯುವ ಮಾತೇ ಇಲ್ಲ. ಗಾಳಿ ತುಂಬಿ ತೇಲಿಸುವ ಜಾಕೆಟ್, ಅಂದರೆ ಬಿಸಿಡಿಯ ಗಾಳಿಯನ್ನು ಪೂರ್ತಿ ಖಾಲಿ ಮಾಡಿಕೊಂಡು, ಬೋಟಿನ ಅಂಚಿನಿಂದ ಹಿಂದಕ್ಕೆ ಉರುಳಿ, ನೇರವಾಗಿ ತಲೆ ಕೆಳಗೆ ಮಾಡಿ ಇಳಿಯಬೇಕು. ಕಿವಿ ಬಿಡಲು ಅರ್ಧ ನಿಮಿಷ ತಡವಾದರೂ ನಿಮ್ಮ ಗುಂಪು ಒಂದು ಕಡೆ, ನೀವು ಒಂದು ಕಡೆ. ಹೀಗೆ ಇಳಿಯುವುದನ್ನು ಮೊದಲೇ ಕಲಿತಿರದಿದ್ದರೆ ದಿನಕ್ಕೆ ಎಷ್ಟು ಕಂದು ಡೈವ್ ಇದೆ ಅಂತ ಕೇಳಿ ತಿಳಿದುಕೊಳ್ಳಿ. "ತಿಲ" ಅಂದರೆ ನೀರೊಳಗಿನ ದಿಬ್ಬ, "ಗಿರಿ" ಅಂದರೆ ಮೇಲ್ಮಟ್ಟಕ್ಕೆ ಹತ್ತಿರ ಬಂದಿರುವ ಚಿಕ್ಕ ದಿಬ್ಬ. ಸಾಮಾನ್ಯವಾಗಿ ಗಿರಿಗಳೇ ಸುಲಭ.

ಈಗ ಕ್ಯಾಲೆಂಡರ್. ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ ಉಬ್ಬರ ಇಳಿತ ಜಾಸ್ತಿ, ಅದಕ್ಕೆ ತಕ್ಕಂತೆ ಸೆಳೆತವೂ ಜಾಸ್ತಿ. ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ನಮ್ಮ ಮನೆ ಕ್ಯಾಲೆಂಡರಿನಲ್ಲಿ ತಿಥಿ ಅಚ್ಚಾಗಿಯೇ ಇರುತ್ತದೆ ಅಲ್ವಾ, ಅದನ್ನು ನೋಡಿ ತಾರೀಕು ಆರಿಸಿ. ಹೊಸಬರು ಅಷ್ಟಮಿ ಪ್ರವಾಸದ ಮಧ್ಯೆ ಬರುವ ಹಾಗೆ ಹೋಗಲಿ. ಅನುಭವಿಗಳಿಗೆ ಹುಣ್ಣಿಮೆ ಹತ್ತಿರ ಹೋದರೆ ದೊಡ್ಡ ಮೀನುಗಳ ಓಡಾಟ ಹೆಚ್ಚು. ಕೊಮೊಡೊಗಂತೂ ಇದನ್ನು ನೋಡದೆ ಹೋಗಲೇಬೇಡಿ. ಅಲ್ಲಿ ಎರಡು ಸಾಗರಗಳ ನೀರು ದ್ವೀಪಗಳ ನಡುವಿನ ಇಕ್ಕಟ್ಟಿನಲ್ಲಿ ಹಾದುಹೋಗುತ್ತದೆ, ಸುಳಿ ಏಳುತ್ತದೆ. ದಕ್ಷಿಣ ಕೊಮೊಡೊದಲ್ಲಿ ನೀರೂ ತಣ್ಣಗೆ, ತೆಳ್ಳನೆಯ ವೆಟ್‌ಸೂಟ್ ಸಾಲದು.

ಹಂತ 5: ಈಗ ಬೋಟ್

ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಹಾಸಿಗೆ, ಜಕೂಜಿ, ಡೆಕ್ಕಿನ ಮೇಲಿನ ಸೋಫಾ ಎಲ್ಲ ಪಕ್ಕಕ್ಕಿಡಿ. ಮೊದಲು ಬೆಂಕಿ ಮತ್ತು ಮುಳುಗಡೆ.

2019ರ ಸೆಪ್ಟೆಂಬರ್ 2ರಂದು ಕ್ಯಾಲಿಫೋರ್ನಿಯಾದ ಕಡಲಿನಲ್ಲಿ ಕನ್ಸೆಪ್ಷನ್ ಅನ್ನುವ ಡೈವ್ ಬೋಟ್ ರಾತ್ರಿ ಹೊತ್ತಿ ಉರಿಯಿತು. 34 ಜನ ಸತ್ತರು. ಅವರೆಲ್ಲ ಕೆಳಗಿನ ಕೋಣೆಯಲ್ಲಿ ಮಲಗಿದ್ದವರು. ಆ ಕೋಣೆಗೆ ಎರಡು ದಾರಿ ಇತ್ತು, ಆದರೆ ಎರಡೂ ಹೋಗಿ ಸೇರುವುದು ಬೆಂಕಿ ಹತ್ತಿದ ಅದೇ ಹಾಲ್‌ಗೆ. ರಾತ್ರಿ ಎದ್ದು ಸುತ್ತು ಹಾಕುವ ಕಾವಲಿನವರು ಇರಲಿಲ್ಲ ಅನ್ನುವುದು ಅಲ್ಲಿನ ತನಿಖೆಯಲ್ಲಿ ಹೊರಬಂತು. 2024ರ ನವೆಂಬರ್‌ನಲ್ಲಿ ಈಜಿಪ್ಟಿನ ಕೆಂಪು ಸಮುದ್ರದಲ್ಲಿ ಸೀ ಸ್ಟೋರಿ ಅನ್ನುವ ಬೋಟ್ ಬೆಳಗಿನ ಜಾವ ಮಗುಚಿತು. ಹಾಗಾಗಿ ಮೇಲ್ ಬರೆದು, ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ. ಕೇಳಬೇಕಾದವು ಇವು:

ಕೆಳಗಿನ ಕ್ಯಾಬಿನ್‌ಗಳಿಂದ ಹೊರಗೆ ಬರಲು ಎರಡು ದಾರಿ ಇದೆಯಾ, ಎರಡೂ ಬೇರೆ ಬೇರೆ ಕಡೆ ತೆರೆಯುತ್ತವಾ? ರಾತ್ರಿಯಿಡೀ ಎಚ್ಚರವಿರುವ ಕಾವಲು ಇದೆಯಾ? ಪ್ರತಿ ಕ್ಯಾಬಿನ್‌ನಲ್ಲಿ ಹೊಗೆ ಅಲಾರಂ ಇದೆಯಾ? ಕ್ಯಾಮೆರಾ, ಟಾರ್ಚ್ ಬ್ಯಾಟರಿ ಚಾರ್ಜ್ ಮಾಡುವ ಜಾಗ ಎಲ್ಲಿ, ರಾತ್ರಿ ಚಾರ್ಜಿಂಗ್‌ಗೆ ಬಿಡುತ್ತಾರಾ? ಬಿಡುವುದಿಲ್ಲ ಅಂತ ಹೇಳಿದರೆ ಖುಷಿಪಡಿ, ಅದು ಒಳ್ಳೆಯ ಬೋಟಿನ ಲಕ್ಷಣ. ಲೈಫ್ ರಾಫ್ಟ್‌ಗಳಲ್ಲಿ ಸಿಬ್ಬಂದಿಯೂ ಸೇರಿ ಎಲ್ಲರಿಗೂ ಜಾಗ ಇದೆಯಾ? ಆಕ್ಸಿಜನ್ ಎಷ್ಟು ಹೊತ್ತಿಗೆ ಆಗುವಷ್ಟಿದೆ, ಮೈಯಲ್ಲಿ ಗುಳ್ಳೆಯಾದವರಿಗೆ ಒತ್ತಡದಲ್ಲಿ ಚಿಕಿತ್ಸೆ ಕೊಡುವ ರಿಕಂಪ್ರೆಷನ್ ಚೇಂಬರ್ ಹತ್ತಿರದಲ್ಲಿ ಎಲ್ಲಿದೆ, ಅಲ್ಲಿಗೆ ಎಷ್ಟು ಗಂಟೆ? ಬೋಟ್ ಕಟ್ಟಿದ್ದು ಯಾವ ವರ್ಷ, ಕೊನೆಯ ಸಲ ದಡಕ್ಕೆಳೆದು ರಿಪೇರಿ ಮಾಡಿದ್ದು ಯಾವಾಗ?

ಒಂದು ಗೈಡ್‌ಗೆ ಎಷ್ಟು ಜನ ಅಂತಲೂ ಕೇಳಿ. ನಾಲ್ಕಾದರೆ ಚೆನ್ನ, ಆರು ನಡೆಯುತ್ತದೆ, ಎಂಟು ಅಂದರೆ ಸೆಳೆತದಲ್ಲಿ ಕಷ್ಟ. ಮಾಲ್ಡೀವ್ಸ್‌ನಲ್ಲಿ ಡೈವಿಂಗ್‌ಗೆ ಅಂತಲೇ ಪಕ್ಕದಲ್ಲಿ ಇನ್ನೊಂದು ಬೋಟ್ ಬರುತ್ತದೆ, ಅದನ್ನು ಧೋನಿ ಅನ್ನುತ್ತಾರೆ. ಟ್ಯಾಂಕ್, ಕಂಪ್ರೆಸರ್ ಎಲ್ಲ ಅದರಲ್ಲೇ. ಮಲಗುವ ಬೋಟಿಗೆ ಸದ್ದೂ ಹೊಗೆಯೂ ಬರುವುದಿಲ್ಲ, ದೊಡ್ಡ ಅನುಕೂಲ. ಕ್ಯಾಬಿನ್ ಆರಿಸುವಾಗ ಓಲಾಟ ಆಗದವರು ಕೆಳಗೆ, ನಡುಭಾಗದಲ್ಲಿ ಕೇಳುತ್ತಾರೆ. ಅದು ಸರಿಯೇ, ಆದರೆ ಹೊರದಾರಿಯ ಹತ್ತಿರದ್ದನ್ನೇ ಕೇಳಿ.

ಎಚ್ಚರಿಕೆಯ ಗುರುತುಗಳು ಕೆಲವಿವೆ. ಸುರಕ್ಷತೆ ಬಗ್ಗೆ ಕೇಳಿದರೆ "ಡೋಂಟ್ ವರಿ ಸರ್" ಅನ್ನುವ ಉತ್ತರ. ಲಾಗ್‌ಬುಕ್ ಕೇಳದೆಯೇ ಸೀಟ್ ಕೊಡುವವರು. ನಿಮ್ಮನ್ನು ಕೇಳದವರು ನಿಮ್ಮ ಜೊತೆ ಬರುವವರನ್ನೂ ಕೇಳಿರುವುದಿಲ್ಲ. ಹೆಸರು ಬದಲಾದ ಹಳೆ ಬೋಟ್. ಕಂಪನಿ ಖಾತೆ ಬಿಟ್ಟು ಯಾರದೋ ಸ್ವಂತ ನಂಬರಿಗೆ ಯುಪಿಐ ಮಾಡಿ ಅನ್ನುವುದು. "ಇವತ್ತೇ ಕಟ್ಟಿದರೆ ಅರ್ಧ ಬೆಲೆ" ಅನ್ನುವ ಅವಸರ. ರಿವ್ಯೂ ಓದುವಾಗ ಐದು ಸ್ಟಾರ್‌ಗಳನ್ನು ಬಿಟ್ಟು, ಕಳೆದ ಒಂದು ವರ್ಷದ ಎರಡು ಮೂರು ಸ್ಟಾರ್‌ನವನ್ನು ಓದಿ. ಊಟ ಸಪ್ಪೆ ಅಂದರೆ ಪರವಾಗಿಲ್ಲ. ಟ್ಯಾಂಕಿನ ಗಾಳಿಯಲ್ಲಿ ಎಣ್ಣೆ ವಾಸನೆ, ನೀರಿನ ಮೇಲೆ ಬಹಳ ಹೊತ್ತು ಕಾಯಬೇಕಾಯಿತು, ಜನರೇಟರ್ ಕೆಟ್ಟಿತು ಅಂತ ಇಬ್ಬರು ಬರೆದಿದ್ದರೂ ಆ ಬೋಟ್ ಬಿಟ್ಟುಬಿಡಿ.

ಹಂತ 6: ನಿಜವಾದ ಖರ್ಚು

ಜಾಹೀರಾತಿನ ಬೆಲೆಗೆ ಏನೆಲ್ಲ ಸೇರಿಲ್ಲ ಅನ್ನುವುದನ್ನು ಒಂದೊಂದಾಗಿ ಬರೆಸಿಕೊಳ್ಳಿ. ಗೇರ್ ಬಾಡಿಗೆ, ನೈಟ್ರಾಕ್ಸ್ (ಆಕ್ಸಿಜನ್ ಹೆಚ್ಚಿರುವ ಗಾಳಿ), 15 ಲೀಟರ್ ಟ್ಯಾಂಕ್, ಉದ್ಯಾನದ ಪ್ರವೇಶ ಶುಲ್ಕ, ಇಂಧನದ ಹೆಚ್ಚುವರಿ, ಸಿಬ್ಬಂದಿಗೆ ಟಿಪ್ಸ್. ಮಾಲ್ಡೀವ್ಸ್‌ನಲ್ಲಿ ಇದರ ಮೇಲೆ ಗ್ರೀನ್ ಟ್ಯಾಕ್ಸ್ ಇದೆ. 2025ರ ಜನವರಿಯಿಂದ ಲಿವ್‌ಅಬೋರ್ಡ್‌ಗೆ ಅದು ಒಬ್ಬರಿಗೆ ದಿನಕ್ಕೆ 12 ಡಾಲರ್. ಪ್ರವಾಸಿಗಳ ಮೇಲಿನ ಜಿಎಸ್‌ಟಿ 2025ರ ಜುಲೈಯಿಂದ ಶೇ. 17. ಇವೆರಡೂ ಬೆಲೆಯಲ್ಲಿ ಸೇರಿವೆಯಾ ಅಂತ ಕೇಳಿದರೆ ಎಷ್ಟೋ ಸಲ "ಅಗ್ಗದ" ಬೋಟೇ ದುಬಾರಿ ಆಗುತ್ತದೆ. ಇಲ್ಲಿನ ಏಜೆಂಟ್ ಮೂಲಕ ವಿದೇಶ ಪ್ಯಾಕೇಜ್ ತೆಗೆದುಕೊಂಡರೆ ಟಿಸಿಎಸ್, ಅಂದರೆ ಮುಂಗಡ ತೆರಿಗೆ ಹಿಡಿಯುತ್ತಾರೆ, ಆ ರಸೀದಿ ಇಟ್ಟುಕೊಳ್ಳಿ, ರಿಟರ್ನ್ಸ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ.

ಇನ್ಷೂರೆನ್ಸ್ ಬಗ್ಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ. ಸಾಮಾನ್ಯ ಟ್ರಾವೆಲ್ ಪಾಲಿಸಿಯಲ್ಲಿ ಡೈವಿಂಗ್ ಎಷ್ಟೋ ಸಲ ಸೇರಿರುವುದಿಲ್ಲ, ಸೇರಿದ್ದರೂ ಆಳದ ಮಿತಿ ಇರುತ್ತದೆ. ಚೇಂಬರ್ ಚಿಕಿತ್ಸೆ ಮತ್ತು ಬೋಟಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಎರಡೂ ಬರೆದಿರುವ ಡೈವಿಂಗ್ ಪಾಲಿಸಿಯೇ ಬೇಕು. ಡೈವರ್ಸ್ ಅಲರ್ಟ್ ನೆಟ್‌ವರ್ಕ್, ಅಂದರೆ ಡ್ಯಾನ್, ಇದಕ್ಕೆ ಹೆಸರಾದದ್ದು. ಗೇರ್‌ನಲ್ಲಿ ಹಣ ಉಳಿಸಿ, ಇದರಲ್ಲಿ ಬೇಡ.

ಹಂತ 7: ಬ್ಯಾಗಿಗೆ ಏನು, ಊಟಕ್ಕೆ ಏನು

ಎಲ್ಲ ಗೇರ್ ಕೊಳ್ಳುವ ಅಗತ್ಯವಿಲ್ಲ. ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್, ಆಳ ಮತ್ತು ಸಮಯದ ಲೆಕ್ಕ ಇಡುವ ಡೈವ್ ಕಂಪ್ಯೂಟರ್, ನೀರಿನ ಮೇಲೆ ಬೋಟಿಗೆ ಕಾಣುವಂತೆ ಉಬ್ಬಿಸುವ ಕಿತ್ತಳೆ ಬಣ್ಣದ ಎಸ್‌ಎಂಬಿ, ಪೀಪಿ, ಟಾರ್ಚ್ ಇಷ್ಟು ಸ್ವಂತದ್ದಿರಲಿ. ಇಬ್ಬರಿಗೆ ಒಂದೇ ಕಂಪ್ಯೂಟರ್ ಅನ್ನುವುದು ಆಗದ ಮಾತು. ದಿನಕ್ಕೆ ನಾಲ್ಕು ಡೈವ್ ಮಾಡುವಾಗ ಮೈಯಲ್ಲಿ ಸೇರುವ ನೈಟ್ರೋಜನ್ ಲೆಕ್ಕ ಒಬ್ಬೊಬ್ಬರದು ಒಂದೊಂದು. ಎಸ್‌ಎಂಬಿಯನ್ನು ನೀರೊಳಗಿಂದಲೇ ಉಬ್ಬಿಸಿ ಮೇಲೆ ಬಿಡುವುದನ್ನು ಮೊದಲೇ ರೂಢಿ ಮಾಡಿಕೊಳ್ಳಿ. ಮಾಲ್ಡೀವ್ಸ್‌ನಲ್ಲಿ 3 ಎಂಎಂ ವೆಟ್‌ಸೂಟ್ ಸಾಕು.

ಗಟ್ಟಿ ಸೂಟ್‌ಕೇಸ್ ಬೇಡ, ಕ್ಯಾಬಿನ್‌ನಲ್ಲಿ ಇಡಲು ಜಾಗವೇ ಇರುವುದಿಲ್ಲ. ಮಡಚುವ ಬ್ಯಾಗ್ ತನ್ನಿ. ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ವಿಮಾನದೊಳಗೆ ಕೈಚೀಲದಲ್ಲೇ ಇರಬೇಕು. ಮಾಲ್ಡೀವ್ಸ್‌ಗೆ ಮದ್ಯ ಒಯ್ಯುವಂತಿಲ್ಲ, ಡ್ಯೂಟಿ ಫ್ರೀಯಲ್ಲಿ ಕೊಂಡದ್ದನ್ನೂ ವಿಮಾನ ನಿಲ್ದಾಣದಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ.

ಸಸ್ಯಾಹಾರಿಗಳು "ವೆಜ್" ಅಂತ ಟಿಕ್ ಹಾಕಿ ಸುಮ್ಮನಾಗಬೇಡಿ. ಮಾಲ್ಡೀವ್ಸ್ ಅಡುಗೆಯಲ್ಲಿ ಒಣಗಿಸಿದ ಟ್ಯೂನಾ ಮೀನಿನ ಪುಡಿ, ಇಂಡೋನೇಷ್ಯಾದಲ್ಲಿ ಸೀಗಡಿ ಪೇಸ್ಟ್, ಥಾಯ್ ಅಡುಗೆಯಲ್ಲಿ ಮೀನಿನ ಸಾಸ್ ತರಕಾರಿ ಪಲ್ಯಕ್ಕೂ ಬೀಳುತ್ತದೆ. ಮೀನು, ಸೀಗಡಿ, ಮೀನಿನ ಸಾಸ್ ಯಾವುದೂ ಬೇಡ, ಮೊಟ್ಟೆ ಬೇಕೋ ಬೇಡವೋ ಅನ್ನುವುದನ್ನು ಬಿಡಿಸಿ ಬರೆಯಿರಿ. ಚಟ್ನಿಪುಡಿ, ನಿಪ್ಪಟ್ಟು, ಒಂದು ಚಿಕ್ಕ ಉಪ್ಪಿನಕಾಯಿ ಡಬ್ಬಿ ಜೊತೆಗಿರಲಿ. ಮೂರನೇ ದಿನ ಬಿಳಿ ಅನ್ನಕ್ಕೆ ಅದೇ ಆಸರೆ.

ಹಂತ 8: ವಿಮಾನದ ಟಿಕೆಟ್

ಬೋಟಿನವರಿಂದ "ಪ್ರವಾಸ ಖಚಿತ" ಅಂತ ಬರಹದಲ್ಲಿ ಬಂದ ಮೇಲೆಯೇ ಟಿಕೆಟ್. ಕೆಲವು ಬೋಟುಗಳು ಇಷ್ಟು ಜನ ಸೇರದಿದ್ದರೆ ರದ್ದು ಮಾಡುತ್ತವೆ. ಬೋಟ್ ಹೊರಡುವ ಹಿಂದಿನ ದಿನವೇ ಅಲ್ಲಿ ಇಳಿಯಿರಿ. ವಿಮಾನ ತಡವಾದರೆ ಬೋಟ್ ಕಾಯುವುದಿಲ್ಲ.

ವಾಪಸ್ ಬರುವಾಗ ಕೊನೆಯ ಡೈವ್‌ಗೂ ವಿಮಾನಕ್ಕೂ ಅಂತರ ಬೇಕು. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದೇ ದಿನ ಹಲವು ಡೈವ್ ಅಥವಾ ದಿನಗಟ್ಟಲೆ ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ. ನೀವು ಪೂರ್ತಿ 24 ಗಂಟೆ ಇಟ್ಟುಕೊಳ್ಳಿ. ಮೈಯಲ್ಲಿ ಉಳಿದ ನೈಟ್ರೋಜನ್ ಎತ್ತರಕ್ಕೆ ಹೋದಾಗ ಗುಳ್ಳೆಯಾಗಿ ಕೀಲು, ನರಗಳಿಗೆ ತೊಂದರೆ ಕೊಡುತ್ತದೆ.

ನಮ್ಮ ಊರಿನವರು ಇದರ ಇನ್ನೊಂದು ಮುಖ ಮರೆಯುತ್ತಾರೆ. ಸುಮಾರು 600 ಮೀಟರ್‌ಗಿಂತ ಎತ್ತರಕ್ಕೆ ರಸ್ತೆಯಲ್ಲಿ ಹೋದರೂ ಇದೇ ನಿಯಮ. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ ಮೂರೂ ಸಮುದ್ರ ಮಟ್ಟದಿಂದ 800 ಮೀಟರ್‌ಗಿಂತ ಎತ್ತರದಲ್ಲಿವೆ. ತಯಾರಿಗೆ ಅಂತ ನೇತ್ರಾಣಿಗೆ ಹೋಗಿ, ಮಧ್ಯಾಹ್ನ ಎರಡು ಡೈವ್ ಮುಗಿಸಿ, ಅದೇ ಸಂಜೆ ಬಸ್ ಹತ್ತಿ ಘಟ್ಟ ಏರುವವರನ್ನು ನೋಡಿದಾಗ ನನಗೆ ನಿಜವಾಗಿಯೂ ಭಯವಾಗುತ್ತದೆ. ಆ ರಾತ್ರಿ ಮುರುಡೇಶ್ವರದಲ್ಲೇ ಮಲಗಿ, ಮರುದಿನ ಬೆಳಿಗ್ಗೆ ದೇವಸ್ಥಾನ ನೋಡಿಕೊಂಡು, ಆ ಅಂತರ ಮುಗಿದ ಮೇಲೆ ಹೊರಡಿ.

ಹಂತ 9: ಬೋಟ್ ಹತ್ತಿದ ದಿನ

ಬ್ಯಾಗ್ ಇಟ್ಟ ಕೂಡಲೇ ಮಾಡಬೇಕಾದ ಕೆಲಸ: ಕ್ಯಾಬಿನ್‌ನಿಂದ ಎರಡೂ ಹೊರದಾರಿಗಳ ತನಕ ನೀವೇ ನಡೆದು, ತುರ್ತು ಬಾಗಿಲಿನ ಚಿಲಕ ಕೈಯಲ್ಲಿ ತೆಗೆದು ನೋಡಿ. ಅದರ ಮುಂದೆ ಸಾಮಾನು ಪೇರಿಸಿದ್ದರೆ ತೆಗೆಸಿ. ಲೈಫ್ ಜಾಕೆಟ್ ಎಲ್ಲಿದೆ ನೋಡಿ, ಒಂದು ಸಲ ಹಾಕಿಕೊಳ್ಳಿ. ಸುರಕ್ಷತೆಯ ಬ್ರೀಫಿಂಗ್ ಇಲ್ಲದೆಯೇ ಬೋಟ್ ಹೊರಟರೆ ಕ್ಯಾಪ್ಟನ್ ಹತ್ತಿರ ಹೋಗಿ ಕೇಳಿ, ಸಂಕೋಚ ಬೇಡ.

ಪ್ರತಿ ಡೈವ್‌ಗೂ ಮುಂಚೆ ಬಾಯಿಗಿಟ್ಟು ಉಸಿರಾಡುವ ರೆಗ್ಯುಲೇಟರ್‌ನಿಂದ ನಾಲ್ಕು ಉಸಿರು ಎಳೆಯಿರಿ. ಎಳೆಯುವಾಗ ಕಣ್ಣು ಟ್ಯಾಂಕಿನ ಒತ್ತಡ ತೋರಿಸುವ ಗೇಜಿನ ಮುಳ್ಳಿನ ಮೇಲಿರಲಿ. ಮುಳ್ಳು ಅಲುಗಾಡದಿದ್ದರೆ ಸರಿ. ಉಸಿರಿಗೊಂದು ಸಲ ಕೆಳಗೆ ಬಿದ್ದು ಮತ್ತೆ ಏಳುತ್ತಿದ್ದರೆ ಟ್ಯಾಂಕಿನ ವಾಲ್ವ್ ಪೂರ್ತಿ ತೆರೆದಿಲ್ಲ ಅಂತ ಅರ್ಥ. ಮೇಲಿದ್ದಾಗ ಗಾಳಿ ಬರುತ್ತದೆ, ಆಳಕ್ಕೆ ಹೋದಾಗ ಸಾಲುವುದಿಲ್ಲ. ಗಾಳಿಯಲ್ಲಿ ಎಣ್ಣೆಯ ರುಚಿ ಬಂದರೆ ಆ ಟ್ಯಾಂಕ್ ವಾಪಸ್. ನೈಟ್ರಾಕ್ಸ್ ಕೋರ್ಸ್ ಮಾಡಿದ್ದವರು ತಮ್ಮ ಟ್ಯಾಂಕನ್ನು ತಾವೇ ಅನಲೈಸರ್‌ಗೆ ಹಿಡಿದು, ಬಂದ ಅಂಕಿಯನ್ನು ಟೇಪಿನ ಮೇಲೆ ಬರೆದು, ಕಂಪ್ಯೂಟರಿನಲ್ಲೂ ಹಾಕಬೇಕು. ಶೇ. 32 ಆಕ್ಸಿಜನ್ ಇದ್ದರೆ ಸುಮಾರು 33 ಮೀಟರ್‌ಗಿಂತ ಕೆಳಗೆ ಹೋಗುವಂತಿಲ್ಲ.

ಮೊದಲ ಡೈವ್ ಸುಲಭದ ಜಾಗದಲ್ಲಿ ಮಾಡಿಸುತ್ತಾರೆ. ಗೈಡ್ ನಿಮ್ಮನ್ನು ಅಳೆಯುವುದು ಅಲ್ಲೇ, ನೀವೂ ಅವರನ್ನು ಅಳೆಯಿರಿ. ಹಿಂದೆ ತಿರುಗಿ ಎಣಿಸುತ್ತಾರಾ, ಗಾಳಿ ಎಷ್ಟಿದೆ ಅಂತ ಕೇಳುತ್ತಾರಾ, ಕೊನೆಗೆ 5 ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲಿಸುತ್ತಾರಾ? ಬೇಡ ಅನಿಸಿದ ಡೈವ್ ಬಿಡಲು ಯಾರಿಗೂ ಕಾರಣ ಹೇಳಬೇಕಾಗಿಲ್ಲ. ಮೂರನೇ ನಾಲ್ಕನೇ ದಿನಕ್ಕೆ ದೇಹ ದಣಿದಿರುತ್ತದೆ, ಮಧ್ಯಾಹ್ನದ ಒಂದು ಡೈವ್ ಬಿಟ್ಟು ಮಲಗಿ, ಚೆನ್ನಾಗಿ ನೀರು ಕುಡಿಯಿರಿ. ಹಣ ಕಟ್ಟಿದ್ದೇವೆ ಅಂತ ಎಲ್ಲಕ್ಕೂ ಇಳಿಯುವವರೇ ಜಾಸ್ತಿ ತೊಂದರೆ ಪಡುತ್ತಾರೆ.

ಡೈವ್ ಆದ ಮೇಲೆ ಕೀಲು ನೋವು, ಕೈಕಾಲು ಜುಮ್ಮೆನ್ನುವುದು, ಚರ್ಮದ ಮೇಲೆ ತುರಿಕೆ ಅಥವಾ ಕೆಂಪು ಗೀರು, ತಲೆಸುತ್ತು, ಅತಿಯಾದ ಸುಸ್ತು ಇವುಗಳಲ್ಲಿ ಯಾವುದಾದರೂ ಕಂಡರೆ ಟ್ಯಾಂಕ್ ಹೊತ್ತದ್ದಕ್ಕೆ ಮೈಕೈ ನೋವು ಅಂತ ನೀವೇ ತೀರ್ಮಾನ ಮಾಡಿ ಮಲಗಬೇಡಿ. ಕೂಡಲೇ ಗೈಡ್‌ಗೆ ಹೇಳಿ, ಆಕ್ಸಿಜನ್ ಕೇಳಿ ಹಾಕಿಸಿಕೊಳ್ಳಿ, ಇನ್ಷೂರೆನ್ಸ್‌ನವರ ತುರ್ತು ನಂಬರಿಗೆ ಫೋನ್ ಮಾಡಿಸಿ. ಆಕ್ಸಿಜನ್ ಹಾಕಿದ ಮೇಲೆ ನೋವು ಹೋದರೂ ಡಾಕ್ಟರ್ ನೋಡುವ ತನಕ ಮತ್ತೆ ನೀರಿಗಿಳಿಯಬಾರದು. ಆ ನಂಬರ್ ಮತ್ತು ಪಾಲಿಸಿ ನಂಬರ್ ಎರಡನ್ನೂ ಕಾಗದದ ಮೇಲೆ ಬರೆದು, ಒಂದನ್ನು ಪಾಸ್‌ಪೋರ್ಟ್ ಜೊತೆ ಇಡಿ, ಇನ್ನೊಂದನ್ನು ನಿಮ್ಮ ಜೊತೆಗಾರನ ಕೈಗೆ ಕೊಡಿ.